ಏಳನೇ ಗಾಡಿಯ ಸರದಿ

ಹನ್ನೆರಡು ಮಂದಿ ಹ್ಯಾಮ್ ರೇಡಿಯೋ ಹವ್ಯಾಸದವರನ್ನು ಹನ್ನೆರಡು ಕಾರುಗಳ ಹಿಂದಿನ ಸೀಟಿನಲ್ಲಿ ಕೂರಿಸಿ, ದಿನವಿಡೀ ಬಾಯಿ ಬಿಡಕೂಡದು ಎಂದು ಅಪ್ಪಣೆ ಮಾಡುವುದು ಎಂಥ ಶಿಕ್ಷೆ ಎನ್ನುವುದು ಹೊರಗಿನವರಿಗೆ ತಿಳಿಯುವುದಿಲ್ಲ. ನಮ್ಮ ಪಂಗಡದವರು ಮಾತಾಡುವುದಕ್ಕೆಂದೇ ಸರ್ಕಾರದ ಪರೀಕ್ಷೆ ಬರೆದವರು. ಪರವಾನಗಿ ಪಡೆದು, ತಾರಸಿಯ ಮೇಲೆ ಕಂಬ ನೆಟ್ಟು, ‘ನಿಮ್ಮ ಕಂಬದಿಂದಲೇ ನಮ್ಮ ಟಿವಿ ಕೆಟ್ಟಿತು’ ಎಂಬ ನೆರೆಮನೆಯವರ ಆರೋಪವನ್ನು ವರ್ಷಗಟ್ಟಲೆ ಹೊತ್ತವರು. ಅಂಥವರಿಗೆ ಮೌನವ್ರತ. ಅಪ್ಪಣೆ ಹೊರಡಿಸಿದವನು ನಾನೇ. ಕಾಮಾಕ್ಷಿಪಾಳ್ಯದಲ್ಲಿ ಟ್ರಾನ್ಸ್‌ಫಾರ್ಮರ್ ಸುತ್ತುವ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿರುವ ನನ್ನಂಥವನಿಗೆ ಜೀವಮಾನದಲ್ಲಿ ಒಮ್ಮೆ ಸಿಗುವ ಅಧಿಕಾರ ಅದು.

ಸಂದರ್ಭ, ವಿಜಯನಗರದಿಂದ ಹೊರಟು ಕೆಂಗೇರಿಯ ತನಕ ಹೋಗಿ ಬರುವ ಒಂದು ಕಾರ್ ರ‍್ಯಾಲಿ. ವೇಗದ ಸ್ಪರ್ಧೆಯಲ್ಲ; ನಮ್ಮ ಕಡೆಯ ರಸ್ತೆಗಳಲ್ಲಿ ವೇಗದ ಸ್ಪರ್ಧೆ ಇಡುವಷ್ಟು ಹುಚ್ಚು ಇನ್ನೂ ಯಾರಿಗೂ ಹಿಡಿದಿಲ್ಲ. ಕಾರು ಓಡಿಸುವವರಿಗೆ ಕಣ್ಣು ಕಾಣುತ್ತದೆ, ದಾರಿ ಗೊತ್ತಿಲ್ಲ. ಪಕ್ಕದಲ್ಲಿ ಕೂತು ದಾರಿ ಹೇಳುವ ನ್ಯಾವಿಗೇಟರಿಗೆ ದೃಷ್ಟಿಯಿಲ್ಲ, ಆದರೆ ಪೂರ್ತಿ ದಾರಿ ಅವರ ತೊಡೆಯ ಮೇಲೆ ಬ್ರೈಲ್‌ನಲ್ಲಿ ಇರುತ್ತದೆ. ಬೆರಳಾಡಿಸಿ ಓದಿ ‘ಮುನ್ನೂರು ಮೀಟರ್ ಆದ ಮೇಲೆ ಎಡಕ್ಕೆ’ ಎನ್ನುತ್ತಾರೆ, ಕಣ್ಣಿದ್ದವರು ಕೇಳಬೇಕು. ದಾರಿಯ ನಡುವೆ ಯಾರಿಗೂ ಹೇಳದ ಜಾಗಗಳಲ್ಲಿ ಮಾರ್ಷಲ್‌ಗಳು ನಿಂತು, ಗಾಡಿ ಬಂದ ಹೊತ್ತನ್ನು ಚೀಟಿಯ ಮೇಲೆ ಬರೆದು ಮುದ್ರೆ ಒತ್ತುತ್ತಾರೆ. ತಡವಾದರೂ ಅಂಕ ಹೋಯಿತು, ಬೇಗ ಬಂದರೂ ಹೋಯಿತು, ಜಾಗ ತಪ್ಪಿಸಿದರೆ ಎಲ್ಲಕ್ಕಿಂತ ಹೆಚ್ಚು ಹೋಯಿತು.

ನಿಯಮದ ಪ್ರಕಾರ ಗಾಡಿಯೊಳಗಿನವರ ಫೋನುಗಳನ್ನೆಲ್ಲ ಲಕೋಟೆಗೆ ಹಾಕಿ ಅಂಟಿಸಿಬಿಡುತ್ತಾರೆ. ಇಲ್ಲದಿದ್ದರೆ ಡ್ರೈವರು ನಕ್ಷೆ ನೋಡಿಕೊಂಡು ಓಡಿಸುತ್ತಾನೆ. ಆದ್ದರಿಂದ ಗಾಡಿ ಎಲ್ಲಿದೆ ಎಂದು ತಿಳಿಯಲು ವ್ಯವಸ್ಥಾಪಕರಿಗೆ ದಾರಿಯೇ ಇರಲಿಲ್ಲ. ಹಾಗಾಗಿ ನಮ್ಮ ಸಂಘದ ಬಾಗಿಲಿಗೆ ಬಂದರು.

ನಮ್ಮ ಹತ್ತಿರ ಟಿಫಿನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಗಳಿದ್ದವು. ಪೆಟ್ಟಿಗೆ ಉಪಗ್ರಹಗಳನ್ನು ನೋಡಿ ತಾನಿರುವ ಜಾಗವನ್ನು ಲೆಕ್ಕ ಹಾಕುತ್ತದೆ. ಆಮೇಲೆ ಅದನ್ನು ನಮ್ಮ ತರಂಗದಲ್ಲಿ ‘ಬ್ರ್‌ರ್‌ರ್ಪ್’ ಎಂದು ಅರ್ಧ ಸೆಕೆಂಡಿನಲ್ಲಿ ಕೂಗಿಬಿಡುತ್ತದೆ. ಆ ಕೂಗನ್ನು ಹಿಡಿದ ರಿಸೀವರು ಕಂಪ್ಯೂಟರಿಗೆ ಕೊಟ್ಟರೆ ನಕ್ಷೆಯ ಮೇಲೆ ಒಂದು ಚುಕ್ಕೆ. ಕೂಗು ದೂರ ಮುಟ್ಟದಿದ್ದರೆ ನಡುವೆ ಎತ್ತರದಲ್ಲಿರುವ ಒಂದು ಸ್ಟೇಷನ್ನು ಅದನ್ನು ಕೇಳಿಸಿಕೊಂಡು ಮತ್ತೆ ಕೂಗುತ್ತದೆ; ಅದನ್ನು ನಾವು ‘ಡಿಜಿ’ ಎನ್ನುತ್ತೇವೆ. ರೇಡಿಯೋ ಇದ್ದ ಕಡೆ ಪರವಾನಗಿ ಇರುವವನೂ ಇರಬೇಕೆಂಬುದು ಕಾನೂನು. ಅದಕ್ಕೇ ಹಿಂದಿನ ಸೀಟಿನಲ್ಲಿ ಒಬ್ಬೊಬ್ಬ ಹ್ಯಾಮ್, ಅದಕ್ಕೇ ಮೌನವ್ರತ. ದಾರಿ ತಪ್ಪುವುದು ಕಣ್ಣಿಗೆ ಕಂಡರೂ ಉಸಿರೆತ್ತುವಂತಿಲ್ಲ.

ರ‍್ಯಾಲಿಗೆ ಒಂದು ವಾರ ಮೊದಲು ಪರಿಚಯದ ಸಭೆ ನಡೆಯಿತು. ಅಲ್ಲಿ ಒಬ್ಬ ನ್ಯಾವಿಗೇಟರ್ ನನ್ನನ್ನು ಹುಡುಕಿಕೊಂಡು ಬಂದರು. ಚಂದ್ರಾ ಲೇಔಟಿನವರು, ಒಂದು ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್. ದಿನವಿಡೀ ಬೇರೆಯವರ ದನಿ ಕೇಳುವ ಕೆಲಸವಾದ್ದರಿಂದಲೋ ಏನೋ, ಎದುರಿನವನ ವಾಕ್ಯ ಮುಗಿಯುವ ಮೊದಲೇ ಅದರ ಬೆಲೆ ಕಟ್ಟಿಬಿಡುವ ಸ್ವಭಾವ.

“ಗಾಡಿ ಎಲ್ಲೆಲ್ಲಿ ಹೋಯ್ತು ಅಂತ ಗೋಡೆ ಮೇಲೆ ಕಾಣ್ಸೋದು ನೀವೇನಾ ಸಾರ್?”

“ನಾನೇ ಮೇಡಂ.”

“ಸುಳ್ಳು ತೋರ್ಸಲ್ಲ ತಾನೆ?”

ಕಾರಣ ಹೇಳಿದರು. ಹಿಂದಿನ ವರ್ಷ ಇದೇ ರ‍್ಯಾಲಿಯಲ್ಲಿ ಅವರು ಒಂದು ಮಾರ್ಷಲ್ ಜಾಗಕ್ಕೆ ಹೋಗಿದ್ದರು. ಹಾರ್ನ್ ಹೊಡೆಸಿದರು, ಕೂಗಿದರು, ಯಾರೂ ಬರಲಿಲ್ಲ. ತಡವಾದರೆ ಅಂಕ ಹೋಗುತ್ತದೆಂದು ಮುಂದೆ ಹೋದರು. ಸಂಜೆ ಆ ಮಾರ್ಷಲ್, ನಾನು ಅಲ್ಲೇ ಇದ್ದೆ, ಈ ಗಾಡಿ ಬರಲೇ ಇಲ್ಲ ಎಂದ. ಡ್ರೈವರ್ ಮಹಾಶಯ, ಮೇಡಂ ಹೇಳಿದ ಕಡೆ ತಿರುಗಿಸಿದೆ, ಅದು ಯಾವ ಜಾಗವೋ ನನಗೇನು ಗೊತ್ತು ಎಂದು ಕೈ ತೊಳೆದುಕೊಂಡ. ಸುಳ್ಳು ಹೇಳಿದ್ದಕ್ಕೆಂದು ಗಾಡಿಯನ್ನು ಸ್ಪರ್ಧೆಯಿಂದಲೇ ತೆಗೆದರು.

“ಅದು ಹೋಗ್ಲಿ ಬಿಡಿ. ಅಲ್ಲೊಬ್ರು, ‘ಅಲ್ಲಿಗೇ ಬಂದಿದ್ರಿ ಅಂತ ನಿಮಗೆ ಹೇಗೆ ಗೊತ್ತಾಗತ್ತೆ ಮೇಡಂ’ ಅಂದ್ರು. ಅಷ್ಟು ಮೆತ್ತಗೆ ಅಂದ್ರು ಸಾರ್, ಜಗಳ ಆಡೋಕೂ ಆಗ್ಲಿಲ್ಲ. ಈ ವರ್ಷ ಬರ್ತಾ ಇರೋದು ನಿಮ್ಮ ಗೋಡೆಗೋಸ್ಕರ. ಬಹುಮಾನ ಯಾರಿಗಾದ್ರೂ ಕೊಡ್ಕೊಳ್ಲಿ. ನಾನು ಹೇಳಿದ ಜಾಗದಲ್ಲಿ ನಾನಿದ್ದೆ ಅಂತ ಕಾಣಿಸ್ಬೇಕು.”

“ಕಾಣಿಸತ್ತೆ ಮೇಡಂ,” ಎಂದೆ. ಅವರದು ಏಳನೇ ಗಾಡಿ.

ಇಷ್ಟು ಧೈರ್ಯವಾಗಿ ಹೇಳಲು ಆಧಾರವಿತ್ತು. ಅದರ ಹಿಂದಿನ ಭಾನುವಾರ ಬೆಳಕು ಹರಿಯುವಾಗಲೇ ಎರಡು ಕಾರುಗಳಲ್ಲಿ ಪೆಟ್ಟಿಗೆ ಇಟ್ಟು ಬಸವೇಶ್ವರನಗರದಿಂದ ಕೆಂಗೇರಿಗೆ ಓಡಿಸಿ ನೋಡಿದ್ದೆವು. ಚುಕ್ಕೆಗಳು ಸಾಲಾಗಿ, ಮದುವೆ ಮನೆಯ ರಂಗೋಲಿಯಂತೆ ಬಿದ್ದಿದ್ದವು. ತಿರುವುಗಳು ಇನ್ನೂ ಅಂದವಾಗಿ ಕಾಣಲೆಂದು, ಗಾಡಿ ಸ್ವಲ್ಪ ವಾಲಿದರೂ ಸಾಕು ಪೆಟ್ಟಿಗೆ ಒಂದು ಸಲ ಕೂಗುವಂತೆ ಬದಲಿಸಿದೆವು. ಸಂಘದ ಸಭೆಯಲ್ಲಿ ಇದು ಚಪ್ಪಾಳೆಯೊಂದಿಗೆ ಅಂಗೀಕಾರವಾಯಿತು. ಮುಂಜಾನೆಯ ಖಾಲಿ ರಸ್ತೆಯಲ್ಲಿ ಎರಡು ಗಾಡಿ ಗೆದ್ದದ್ದನ್ನು, ಹಗಲಿನ ರಸ್ತೆಯಲ್ಲಿ ಹನ್ನೆರಡು ಗಾಡಿ ಗೆದ್ದ ಹಾಗೆಂದೇ ಎಲ್ಲರೂ ಭಾವಿಸಿದೆವು.

ರ‍್ಯಾಲಿಯ ಕಚೇರಿ ವಿಜಯನಗರದ ಒಂದು ಛತ್ರದಲ್ಲಿತ್ತು. ನಮಗೆ ಕೊಟ್ಟದ್ದು ವಧುವಿನ ಕೋಣೆ. ಸುತ್ತ ಬಲ್ಬುಗಳಿದ್ದ ದೊಡ್ಡ ಕನ್ನಡಿಯ ಮುಂದೆ ರಿಸೀವರು, ಎರಡು ಲ್ಯಾಪ್‌ಟಾಪು, ವೈರುಗಳ ರಾಶಿ. ತಲೆಯೆತ್ತಿದಾಗಲೆಲ್ಲ ಕನ್ನಡಿಯಲ್ಲಿ ನನ್ನದೇ ಮುಖ. ಹೊರಗೆ ಊಟದ ಹಾಲಿನ ಗೋಡೆಗೆ ದೊಡ್ಡ ಟಿವಿ ತಗುಲಿಹಾಕಿ ನಕ್ಷೆಯನ್ನು ಅದರಲ್ಲಿ ಬಿಟ್ಟಿದ್ದೆವು. ಅದರ ಮುಂದೆ ರ‍್ಯಾಲಿಯ ಮುಖ್ಯ ತೀರ್ಪುಗಾರರು ಕುರ್ಚಿ ಹಾಕಿಕೊಂಡು ಕೂತರು. ಬಿಳಿ ಮೀಸೆಯವರು, ಸ್ಟಾಪ್‌ವಾಚು ಬಿಟ್ಟು ಬೇರಾವ ಯಂತ್ರವನ್ನೂ ನಂಬದವರು.

ಗಾಡಿಗಳು ಎರಡು ನಿಮಿಷಕ್ಕೊಂದರಂತೆ ಹೊರಟವು. ಮೊದಲ ಕಾಲು ಗಂಟೆ ಸ್ವರ್ಗ. ಚುಕ್ಕೆ ಮೂಡಿತು, ಚುಕ್ಕೆಗೆ ಚುಕ್ಕೆ ಗೆರೆ ಸೇರಿತು. ತೀರ್ಪುಗಾರರು, “ಪರವಾಗಿಲ್ವಲ್ರೀ,” ಎಂದರು. ಆ ಬಾಯಿಂದ ಅದು ಬಿರುದು.

ಆಮೇಲೆ ಗಾಡಿಗಳು ಹಾರತೊಡಗಿದವು.

ನಾಲ್ಕನೇ ಗಾಡಿ ಮಾಗಡಿ ರಸ್ತೆಯಲ್ಲಿದ್ದದ್ದು ಒಂದೇ ನೆಗೆತಕ್ಕೆ ಮನೆಗಳ ಸಾಲನ್ನೆಲ್ಲ ದಾಟಿ ನಾಗರಬಾವಿಯಲ್ಲಿ ಇಳಿಯಿತು. ಮೂರನೆಯದು ಕಾಮಾಕ್ಷಿಪಾಳ್ಯದಲ್ಲಿ ಬೇರು ಬಿಟ್ಟು ನಿಂತಿತು. ಆ ಗಾಡಿ ಎರಡು ಮುದ್ರೆ ಒತ್ತಿಸಿಕೊಂಡು ಮುಂದೆ ಹೋಗಿದೆ ಎಂದು ಮಾರ್ಷಲ್‌ಗಳಿಂದ ಫೋನ್ ಬಂದರೂ ನಮ್ಮ ಚುಕ್ಕೆ ಅಲುಗಲಿಲ್ಲ. ಒಂಬತ್ತನೆಯದು ಇರಲೇ ಇಲ್ಲ. ಕೊನೆಗೆ ಏಳನೆಯದನ್ನು ನೋಡಿದೆ. ಚಂದ್ರಾ ಲೇಔಟಿನಲ್ಲಿ ಅದು ಚೌಕಾಕಾರದಲ್ಲಿ ನಾಲ್ಕು ಬೀದಿ ಸುತ್ತಬೇಕಿತ್ತು. ಆ ಚೌಕದಲ್ಲೇ ಒಬ್ಬ ಮಾರ್ಷಲ್ ಇದ್ದ. ನಮ್ಮ ನಕ್ಷೆ ಚೌಕದ ಈ ಮೂಲೆಯಿಂದ ಆ ಮೂಲೆಗೆ ಅಡ್ಡಡ್ಡ ಗೆರೆ ಎಳೆಯಿತು, ಗಾಡಿ ಸುತ್ತದೇ ಸೀದಾ ಹೋಯಿತು ಎನ್ನುವ ಹಾಗೆ.

ತೀರ್ಪುಗಾರರು ಎದ್ದು ವಧುವಿನ ಕೋಣೆಯ ಬಾಗಿಲಿಗೆ ಬಂದರು.

“ಏನ್ರೀ ಇದು? ಮಾರ್ಷಲ್ ಮುದ್ರೆ ಹಾಕಿದೀನಿ ಅಂತಾನೆ. ನಿಮ್ಮ ಟಿವಿ ಆಯಮ್ಮ ಬಂದೇ ಇಲ್ಲ ಅನ್ನತ್ತೆ. ಹೋದ ವರ್ಷ ಒಂದು ರಾಮಾಯಣ ಆಗಿದೆ, ಗೊತ್ತಾ ನಿಮಗೆ?”

“ಗೊತ್ತು ಸಾರ್.”

“ಮಧ್ಯಾಹ್ನದೊಳಗೆ ಸರಿ ಹೋದ್ರೆ ಸರಿ. ಇಲ್ಲಾಂದ್ರೆ ಆ ಟಿವಿಲಿ ಕ್ರಿಕೆಟ್ ಹಾಕಿಸ್ತೀನಿ, ಬಂದವರಾದ್ರೂ ನೋಡ್ಲಿ.”

ನಾನು ಪರದೆ ನೋಡುವುದನ್ನು ಬಿಟ್ಟು ಕಿವಿಗೆ ಹೆಡ್‌ಫೋನ್ ಹಾಕಿದೆ. ಬೆಳಿಗ್ಗೆಯಿಂದ ಮಾಡಬೇಕಾಗಿದ್ದ ಕೆಲಸ ಅದು. ಕೇಳಿಸಿದ್ದು ಮದುವೆ ಊಟದ ಕೊನೆಯ ಪಂಕ್ತಿ: ಎಲ್ಲರೂ ಒಟ್ಟಿಗೇ ಪಾಯಸ ಕೇಳುತ್ತಿದ್ದಾರೆ, ಯಾರ ಎಲೆಗೂ ಬೀಳುತ್ತಿಲ್ಲ. ಒಂದು ಕೂಗಿಗೂ ಇನ್ನೊಂದು ಕೂಗಿಗೂ ನಡುವೆ ಉಸಿರಾಡುವಷ್ಟು ಬಿಡುವಿಲ್ಲ. ಎರಡು ಕೂಗು ಒಂದರ ಮೇಲೊಂದು ಬಿದ್ದರೆ ಕಂಪ್ಯೂಟರಿಗೆ ಎರಡೂ ಅರ್ಥವಾಗುವುದಿಲ್ಲ; ಎರಡನ್ನೂ ಎಸೆದುಬಿಡುತ್ತದೆ.

ಒಂದೊಂದಾಗಿ ಕಾರಣ ತಿಳಿಯುತ್ತ ಹೋಯಿತು. ಗಾಡಿ ವಾಲಿದರೆ ಕೂಗು ಎಂದು ನಾವು ಪೆಟ್ಟಿಗೆಗೆ ಕಲಿಸಿದ್ದೆವಲ್ಲ. ನಮ್ಮ ರಸ್ತೆಯಲ್ಲಿ ಗುಂಡಿ ತಪ್ಪಿಸಲು ಗಾಡಿ ವಾಲದೆ ಇರುವ ಕ್ಷಣ ಯಾವುದು? ಪ್ರತಿ ಗುಂಡಿಗೂ ಒಂದು ಕೂಗು. ಸಾಲದ್ದಕ್ಕೆ ಪೆಟ್ಟಿಗೆ ತಯಾರಾಗಿ ಬಂದಾಗಲೇ ಅದರೊಳಗೆ ಇನ್ನೊಂದು ಲೆಕ್ಕವಿತ್ತು: ಗಾಡಿ ತೀರಾ ನಿಧಾನವಾದರೆ ಅದು ಮನೆ ಸೇರಿ ನಿಂತಿದೆ ಎಂದು ತಿಳಿದು, ಅರ್ಧ ಗಂಟೆಗೊಮ್ಮೆ ಮಾತ್ರ ಕೂಗುವುದು. ಆ ಲೆಕ್ಕ ಬರೆದ ಪುಣ್ಯಾತ್ಮ ಎಲ್ಲೋ ಖಾಲಿ ರಸ್ತೆಯ ದೇಶದವನು. ನಡೆಯುವವನಿಗಿಂತ ನಿಧಾನವಾಗಿ ಚಲಿಸುವುದಕ್ಕೂ ಪ್ರಯಾಣವೆನ್ನುತ್ತಾರೆ ಎಂದು ಅವನಿಗೆ ಯಾರು ಹೇಳಬೇಕು? ಹೀಗಾಗಿ ಜಾಮ್‌ನಲ್ಲಿದ್ದ ಪೆಟ್ಟಿಗೆಗಳು ನಿದ್ದೆ ಹೋದವು, ಚಲಿಸುತ್ತಿದ್ದವು ಅರಚಾಡಿದವು.

ಇವೆರಡಕ್ಕಿಂತ ದೊಡ್ಡ ಕಾರಣ ನಮ್ಮ ಸೇವಾ ಮನೋಭಾವ. ಒಂದು ಡಿಜಿ ಸಾಕಾಗಿತ್ತು. ಆದರೆ ರ‍್ಯಾಲಿಗೆ ನೆರವಾಗಲೆಂದು ಆವತ್ತು ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಎನ್ನದೆ ಐದು ತಾರಸಿಗಳ ಮೇಲೆ ಐವರು ಸದಸ್ಯರು ಹೊಸದೋ ಹಳೆಯದೋ ಒಂದೊಂದು ಡಿಜಿ ಹಚ್ಚಿಟ್ಟುಕೊಂಡು, ಸ್ನಾನ ಮಾಡಿ, ಕೈಮುಗಿದು ಕೂತಿದ್ದರು. ಒಂದು ಗಾಡಿ ಒಮ್ಮೆ ಹೇಳಿದ್ದನ್ನು ಐದು ಮನೆಯವರು ಐದು ಸಲ ಹೇಳುತ್ತಿದ್ದರು. ಒಬ್ಬರ ದನಿ ಕೇಳಿದರೆ ಉತ್ತರ ಕೊಡದೆ ಇರಲಾಗದ ಜನ ನಾವು. ನಮ್ಮ ಯಂತ್ರಗಳಿಗೂ ಅದೇ ಗುಣ.

ಊಟದ ವಿರಾಮಕ್ಕೆ ಗಾಡಿಗಳು ಛತ್ರಕ್ಕೆ ಮರಳಿದವು. ಹನ್ನೆರಡು ಹ್ಯಾಮ್‌ಗಳು ಇಳಿದ ಕೂಡಲೇ ಅಣೆಕಟ್ಟು ಒಡೆದ ಹಾಗೆ ಮಾತಿಗೆ ತೊಡಗಿದರು. ಬಿಸಿಬೇಳೆ ಬಾತಿನ ಸಾಲಿನಲ್ಲಿ ನಮ್ಮ ಏಳನೇ ಗಾಡಿಯ ನ್ಯಾವಿಗೇಟರ್ ಮೇಡಂ ನನ್ನ ದನಿ ಗುರುತು ಹಿಡಿದರು.

“ಬೆಳಿಗ್ಗೆ ಕಾಣಿಸಿದ್ನಾ ಸಾರ್?”

“ಸರಿಯಾಗಿ ಕಾಣಿಸ್ಲಿಲ್ಲ ಮೇಡಂ.”

“ಚಂದ್ರಾ ಲೇಔಟ್ ಚೌಕ ಸುತ್ತಿದ್ದು?”

“ಅದೂ ಇಲ್ಲ.”

ಅವರು ಒಂದು ತುತ್ತು ತಿಂದು ಮುಗಿಸಿದರು. “ಹಾಗಾದ್ರೆ ಈ ಸಲಾನೂ ನನ್ನ ಬಾಯಿ ಮಾತೇ,” ಎಂದರು.

ನನ್ನ ಬಾತು ತಟ್ಟೆಯಲ್ಲೇ ಉಳಿಯಿತು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಬಲ್ಬುಗಳ ನಡುವಿನ ನನ್ನ ಮುಖವನ್ನು ನೋಡುತ್ತ ಎರಡು ತೀರ್ಮಾನ ಮಾಡಿದೆ. ಒಂದು ಸುಲಭದ್ದು: ಹನ್ನೆರಡು ಪೆಟ್ಟಿಗೆಗೂ ತಾವಾಗಿ ಯೋಚಿಸುವ ಅಧಿಕಾರವನ್ನು ಕಿತ್ತುಕೊಳ್ಳುವುದು. ವಾಲಿದರೂ ಕೂಗಬೇಡಿ, ನಿಂತರೂ ಮಲಗಬೇಡಿ. ಒಂದು ನಿಮಿಷವನ್ನು ಹನ್ನೆರಡು ಪಾಲು ಮಾಡಿ, ಪ್ರತಿ ಗಾಡಿಗೂ ಐದು ಸೆಕೆಂಡಿನ ಒಂದು ಸರದಿ. ಸರದಿ ಬಂದಾಗ ಒಂದೇ ಒಂದು ಸಲ ಹೇಳುವುದು, ಮಿಕ್ಕ ಹೊತ್ತು ಸುಮ್ಮನಿರುವುದು. ಉಪಗ್ರಹ ಎಲ್ಲ ಪೆಟ್ಟಿಗೆಗೂ ಒಂದೇ ಗಡಿಯಾರ ಕೊಡುತ್ತದೆ, ಆದ್ದರಿಂದ ಯಾರೂ ಯಾರ ಮೇಲೂ ಬೀಳುವುದಿಲ್ಲ.

ಎರಡನೆಯದು ಕಷ್ಟದ್ದು: ನಾಲ್ಕು ಡಿಜಿಗಳ ಬಾಯಿ ಮುಚ್ಚಿಸುವುದು. ಕೆಂಗೇರಿಯ ಒಂದು ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕಿನ ಮೇಲಿದ್ದದ್ದು ಮಾತ್ರ ಕೆಂಗೇರಿ, ವಿಜಯನಗರ ಎರಡೂ ಕಡೆ ಚೆನ್ನಾಗಿ ಕೇಳುತ್ತಿತ್ತು, ಅದೊಂದೇ ಸಾಕು. ಮೂವರು ಸದಸ್ಯರು ಫೋನಿನಲ್ಲಿ ಗೊಣಗಿ ಒಪ್ಪಿದರು. ನಾಲ್ಕನೆಯವರು ರಾಜಾಜಿನಗರದ ನಮ್ಮ ಹಿರಿಯರು. ಸಂಘದಲ್ಲಿ ಬಹುಪಾಲು ಜನ ಮೊದಲ ಸಲ ಮೈಕು ಹಿಡಿದದ್ದು ಅವರ ತಾರಸಿಯಲ್ಲಿ, ಅವರ ಮನೆಯ ಕಾಫಿ ಕುಡಿಯುತ್ತ. ಅವರಿಗೆ ‘ಸುಮ್ಮನಿರಿ’ ಎಂದು ಈ ತನಕ ಯಾರೂ ಹೇಳಿರಲಿಲ್ಲ. ಅವರ ಮನೆಯವರನ್ನು ಬಿಟ್ಟು.

“ಗುರುಗಳೇ, ನಿಮ್ಮ ಡಿಜಿ ಸಂಜೆ ತನಕ ಆಫ್ ಮಾಡಬೇಕಿತ್ತು.”

“ಯಾಕಯ್ಯ, ಕೆಟ್ಟಿದ್ಯಾ?”

“ಇಲ್ಲ ಗುರುಗಳೇ. ಬಹಳ ಚೆನ್ನಾಗಿ ಕೆಲಸ ಮಾಡ್ತಾ ಇದೆ. ಅದೇ ತೊಂದರೆ.”

“ನೋಡು, ಮಗಳ ಮದುವೆ ದಿನಾನೂ ಅದನ್ನ ಆಫ್ ಮಾಡಿಲ್ಲ ನಾನು. ಕರೆಂಟ್ ಹೋದ್ರೆ ಬ್ಯಾಟರಿ. ಬ್ಯಾಟರಿ ಹೋದ್ರೆ ಸ್ಕೂಟರ್ ಬ್ಯಾಟರಿ.”

“ಗೊತ್ತು. ಇವತ್ತು ಮಾತ್ರ.”

“ಹಂಗಾದ್ರೆ ನಾನು ಕೂತ್ಕೊಂಡು ಏನ್ ಮಾಡ್ಲಿ?”

“ಕೇಳ್ತಾ ಇರಿ ಗುರುಗಳೇ. ಊರಲ್ಲಿ ಕೇಳೋರೇ ಇಲ್ಲ, ಎಲ್ಲಾ ಹೇಳೋರೇ.”

ಫೋನು ಕಟ್ಟಾಯಿತು. ನಾನು ಹೆಡ್‌ಫೋನ್ ಹಾಕಿಕೊಂಡು ಕಾದೆ. ಮೂರು ಡಿಜಿಗಳು ಆಗಲೇ ಆರಿದ್ದವು. ಸ್ವಲ್ಪ ಹೊತ್ತಿಗೆ, ಒಂದು ಮಾತೂ ಇಲ್ಲದೆ, ನಾಲ್ಕನೆಯದೂ ನಿಂತಿತು. ಇಷ್ಟು ವರ್ಷ ರಾಜಾಜಿನಗರದ ಕಡೆಯಿಂದ ಕೇಳಿಬರುತ್ತಿದ್ದ ಆ ದಪ್ಪ ದನಿ ಇಲ್ಲವಾದಾಗ, ನನಗೆ ಯಾರದೋ ಮನೆಯ ದೀಪವನ್ನು ನಾನೇ ಊದಿ ಆರಿಸಿದಂತಾಯಿತು.

ಪೆಟ್ಟಿಗೆಗಳನ್ನು ಬದಲಿಸಲು ಇದ್ದದ್ದು ಒಂದೇ ಕೇಬಲ್ಲು. ಹನ್ನೆರಡು ಜನ ಹ್ಯಾಮ್‌ಗಳು ಪೆಟ್ಟಿಗೆ ಕಂಕುಳಲ್ಲಿ ಹಿಡಿದು ವಧುವಿನ ಕೋಣೆಯ ಹೊರಗೆ ಸಾಲು ನಿಂತರು, ಛತ್ರದ ಅಡುಗೆಯವರು ಇಣುಕಿ, “ಏನ್ ಸಾರ್, ಲಸಿಕೆನಾ?” ಎಂದು ಕೇಳಿ ಹೋದರು. ಐದನೇ ಪೆಟ್ಟಿಗೆಗೆ ಕೇಬಲಿನ ತುದಿ ಸಡಿಲವಾಯಿತು. ಬೆಸುಗೆ ಹಾಕುವ ಕಡ್ಡಿ ವರ್ಕ್‌ಶಾಪಿನಲ್ಲಿತ್ತು. ಕೊನೆಗೆ ವೈರು ಹೆರೆದು, ತಿರುಚಿ, ಕನ್ನಡಿಯ ಹಿಂದೆ ಯಾವುದೋ ಮದುವೆಯಲ್ಲಿ ಉಳಿದಿದ್ದ ಹೇರ್‌ಪಿನ್ನಿನಿಂದ ಬಿಗಿದೆವು. ಮಿಕ್ಕ ಎಂಟು ಪೆಟ್ಟಿಗೆ ಆ ಅಜ್ಞಾತ ವಧುವಿನ ಕೃಪೆಯಿಂದ ಸರಿಯಾದವು.

ಮತ್ತೊಂದು ಕೆಲಸ ಮಾಡಿದೆ. ನಕ್ಷೆಯಲ್ಲಿ ಚುಕ್ಕೆಗಳನ್ನು ಸೇರಿಸುವ ಗೆರೆಯನ್ನು ತೆಗೆದುಹಾಕಿದೆ. ಬೆಳಿಗ್ಗೆ ಸುಳ್ಳು ಹೇಳಿದ್ದು ಚುಕ್ಕೆಯಲ್ಲ, ಗೆರೆ. ಎರಡು ಚುಕ್ಕೆಗಳ ನಡುವೆ ಏನಾಯಿತೆಂದು ಅದಕ್ಕೆ ಗೊತ್ತಿರಲಿಲ್ಲ. ಗೊತ್ತಿದ್ದವರ ಠೀವಿಯಲ್ಲಿ ಎಳೆದಿತ್ತು.

ಹೊರಡುವ ಮುನ್ನ ಗಾಡಿಗಳೆಲ್ಲ ಛತ್ರದ ಮುಂದೆ ನಿಂತಿದ್ದಾಗ ಒಂದು ನಿಮಿಷ ಪರೀಕ್ಷೆ. ಹಾಲಿನ ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳನ್ನು ನಾನೇ ಸ್ಟೂಲ್ ಹತ್ತಿ ಸರಿಮಾಡಿದ್ದೆ. ರಿಸೀವರಿನ ದನಿಯನ್ನು ಸ್ಪೀಕರಿಗೆ ಕೊಟ್ಟೆವು. ಮುಳ್ಳು ಹನ್ನೆರಡಕ್ಕೆ ಬಂತು: ಬ್ರ್‌ರ್‌ರ್ಪ್. ಒಂದಕ್ಕೆ ಬಂತು: ಬ್ರ್‌ರ್‌ರ್ಪ್. ಎರಡು, ಮೂರು, ನಾಲ್ಕು... ಪಂಕ್ತಿಯಲ್ಲಿ ಬಡಿಸುತ್ತ ಬಂದ ಹಾಗೆ, ಒಬ್ಬರ ಎಲೆಗೆ ಬಿದ್ದ ಮೇಲೆ ಮುಂದಿನವರದು. ಮುಳ್ಳು ಕೆಳಗಿಳಿದು ಆರನ್ನು ಮುಟ್ಟಿದಾಗ ಏಳನೇ ಗಾಡಿ. ಒಟ್ಟು ಹನ್ನೆರಡು ಕೂಗು, ನಡುನಡುವೆ ಶುಭ್ರವಾದ ಮೌನ. ನಾನು ಚಪ್ಪಾಳೆ ತಟ್ಟಿಬಿಟ್ಟೆ. ತೀರ್ಪುಗಾರರು ಮಾತ್ರ, “ನಿಂತ ಗಾಡಿನ ನಾನೂ ತೋರಿಸ್ತೀನಿ, ಓಡೋದನ್ನ ತೋರ್ಸಿ,” ಎಂದರು.

ತೋರಿಸಿದೆವು. ಮಧ್ಯಾಹ್ನದ ಹಂತದಲ್ಲಿ ಹನ್ನೆರಡು ಚುಕ್ಕೆಗಳೂ ನಿಮಿಷ ನಿಮಿಷಕ್ಕೆ ಶಿಸ್ತಿನಿಂದ ಹೆಜ್ಜೆ ಇಟ್ಟವು. ಯಾರೂ ಹಾರಲಿಲ್ಲ, ಯಾರೂ ಬೇರು ಬಿಡಲಿಲ್ಲ. ಟಿವಿಯ ಮುಂದೆ ಜನ ಸೇರತೊಡಗಿದರು; ಅಡುಗೆಯವರೂ ಬಂದರು. ಕೆಂಗೇರಿಯ ಹತ್ತಿರ ದೊಡ್ಡ ಜಾಮ್. ಎರಡೆರಡು ನಿಮಿಷದ ಅಂತರದಲ್ಲಿ ಹೊರಟಿದ್ದ ಗಾಡಿಗಳೆಲ್ಲ ಅಲ್ಲಿ ಒಂದರ ಹಿಂದೊಂದು ಅಂಟಿಕೊಂಡವು. ಆಗಲೂ ಪ್ರತಿ ಸರದಿಗೂ ಪ್ರತಿ ಗಾಡಿ, ಇಲ್ಲೇ ಇದ್ದೇನೆ ಎಂದು ಹೇಳುತ್ತಲೇ ಇತ್ತು.

ಜಾಮ್ ಬಿಟ್ಟಿತು. ದಾರಿ ಪ್ರಕಾರ ಮುಂದೆ ಎಡಕ್ಕೆ ಒಂದು ಓಣಿ, ಓಣಿ ದಾಟಿ ರೈಲು ಹಳಿಯ ಕೆಳಗಿನ ಸೇತುವೆ, ಅದರಾಚೆ ಮಾರ್ಷಲ್. ಮೊದಲನೇ ಗಾಡಿ ಓಣಿಯ ಬಾಯಿಗೆ ಬಂದು, ನಿಂತು, ಸೀದಾ ಹೋಯಿತು. ಎರಡನೆಯದೂ ಸೀದಾ. ಮೂರು, ನಾಲ್ಕು, ಐದು, ಆರು, ಎಲ್ಲವೂ.

“ಅಯ್ಯೋ, ಎಲ್ಲೋದ್ವು ಇವು?” ತೀರ್ಪುಗಾರರು ಕುರ್ಚಿಯ ತುದಿಗೆ ಬಂದರು. ಗಾಡಿಯಲ್ಲಿದ್ದ ಯಾರಿಗೂ ಫೋನ್ ಮಾಡುವಂತಿಲ್ಲ; ಮಾಡಿದರೂ ಲಕೋಟೆಯೊಳಗೆ ರಿಂಗಾಗುತ್ತದೆ.

ಗಡಿಯಾರದ ಮುಳ್ಳು ಆರಕ್ಕೆ ಬಂತು. ಬ್ರ್‌ರ್‌ರ್ಪ್. ಏಳನೇ ಚುಕ್ಕೆ ಓಣಿಯ ಬಾಯಲ್ಲಿ. ಮತ್ತೊಂದು ನಿಮಿಷ, ಅಲ್ಲೇ. ಎಂಟನೆಯದು ಪಕ್ಕದಲ್ಲಿ ಹಾದು ಸೀದಾ ಹೋಯಿತು, ಒಂಬತ್ತನೆಯದೂ ಹೋಯಿತು. ಏಳು ಅಲ್ಲೇ.

“ನಿಂತುಬಿಟ್ಟಿದೆಯಲ್ರೀ.”

“ನಿಂತಿದೆ ಸಾರ್. ಆದ್ರೆ ವಾಪಸ್ ತಿರುಗಿಲ್ಲ.”

ಮುಂದಿನ ಸರದಿಗೆ ಚುಕ್ಕೆ ಓಣಿಯೊಳಗೆ ಇತ್ತು. ಹಾಲ್‌ನಲ್ಲಿ ಯಾರೋ ಶಿಳ್ಳೆ ಹೊಡೆದರು. ಅದೇ ಹೊತ್ತಿಗೆ ತೀರ್ಪುಗಾರರ ಫೋನು ಬಡಿದುಕೊಂಡಿತು. ಸ್ಪೀಕರಿಗೆ ಹಾಕಿದರು. ಸೇತುವೆಯಾಚೆಯ ಮಾರ್ಷಲ್.

“ಸಾರ್, ಇಲ್ಲಿ ಒಂದು ಗಾಡಿನೂ ಬಂದಿಲ್ಲ. ಇನ್ ಬರಲ್ಲ ಅನ್ಸತ್ತೆ. ಹಂಗೇ ಒಂದ್ ಕಾಫಿ ಕುಡ್ಕೊಂಡ್ ಬಂದ್ಬಿಡ್ಲಾ? ಐದೇ ನಿಮಿಷ ಸಾರ್.”

ತೀರ್ಪುಗಾರರ ಮುಖ ಆಗ ಹೇಗಾಯಿತು ಎನ್ನುವುದನ್ನು ನಾನು ಮರೆಯುವುದಿಲ್ಲ. ಅವರು ಫೋನನ್ನು ನೋಡಿದರು, ಟಿವಿಯನ್ನು ನೋಡಿದರು, ನನ್ನನ್ನು ನೋಡಿದರು. ಹಿಂದಿನ ವರ್ಷದ ರಾಮಾಯಣದಲ್ಲಿ ಯಾರು ಎಲ್ಲಿಗೆ ಹೋಗಿದ್ದಿರಬಹುದು ಎಂಬುದು ಆ ಕ್ಷಣದಲ್ಲಿ ಅವರಿಗೆ ಹೊಳೆಯಿತೆಂದು ನನ್ನ ನಂಬಿಕೆ.

“ನಿಂತ ಜಾಗದಿಂದ ಅಲ್ಲಾಡ್ಬೇಡ!” ಎಂದು ಗುಡುಗಿದರು. “ಒಂದು ಗಾಡಿ ಬರ್ತಾ ಇದೆ.” ಆಮೇಲೆ ದನಿ ತಗ್ಗಿಸಿ, “ಬರ್ತಾ ಇದೆ ತಾನೆ?” ಎಂದು ನನ್ನನ್ನು ಕೇಳಿದರು.

ಮುಳ್ಳು ಆರಕ್ಕೆ ಬಂತು. ಏನೂ ಇಲ್ಲ. ಮುಳ್ಳು ಏಳಕ್ಕೆ ಬಂತು. ಎಂಟನೇ ಗಾಡಿ ಕೂಗಿತು. ಎಂಟಕ್ಕೆ ಒಂಬತ್ತನೆಯದು. ಏಳನೆಯದರ ಜಾಗದಲ್ಲಿ, ಪಂಕ್ತಿಯಲ್ಲಿ ಒಬ್ಬರು ಎದ್ದುಹೋದ ಎಲೆಯ ಹಾಗೆ, ಖಾಲಿ.

“ಎಲ್ರೀ?”

“ಸೇತುವೆ ಕೆಳಗೆ ಇರಬೇಕು ಸಾರ್. ಒಂದೇ ಗಾಡಿ ಅಗಲ, ಎದುರಿಗೆ ಬಂದ್ರೆ ಕಾಯ್ಬೇಕು. ಅಲ್ಲಿ ಆಕಾಶ ಕಾಣಲ್ಲ, ದನಿನೂ ಹೊರಗೆ ಬರಲ್ಲ.”

“ಇರಬೇಕೋ, ಇದೆಯೋ?”

ಬೆಳಿಗ್ಗೆಯ ಗೆರೆಯಾಗಿದ್ದರೆ ಇದೆ ಎಂದುಬಿಡುತ್ತಿತ್ತು. “ಇರಬೇಕು,” ಎಂದೆ. ಇನ್ನೊಂದು ಸುತ್ತು. ಇಡೀ ಹಾಲು ಗಡಿಯಾರದ ಮುಳ್ಳನ್ನು ನೋಡುತ್ತಿತ್ತು. ಮೂರು, ನಾಲ್ಕು, ಐದು. ಆರು. ಇಲ್ಲ. ಅಡುಗೆಯವರೊಬ್ಬರು ಕೈಮುಗಿದರು, ಯಾವ ದೇವರಿಗೆಂದು ಗೊತ್ತಿಲ್ಲ. ಮತ್ತೊಂದು ಸುತ್ತು. ಮುಳ್ಳು ಇಳಿಯುತ್ತ ಇಳಿಯುತ್ತ ಬಂದು ಆರನ್ನು ಮುಟ್ಟಿತು.

ಬ್ರ್‌ರ್‌ರ್ಪ್.

ಚುಕ್ಕೆ ಹಳಿಯ ಆಚೆ ಬದಿಯಲ್ಲಿ ಮೂಡಿತು, ಮಾರ್ಷಲ್ ನಿಂತಿದ್ದ ಜಾಗಕ್ಕೆ ಕೂಗಿದರೆ ಕೇಳುವಷ್ಟು ದೂರದಲ್ಲಿ. ಸ್ಪೀಕರ್‌ನಲ್ಲಿ ಮಾರ್ಷಲ್, “ಬಂತು ಸಾರ್, ಬಂತು! ಏಳನೇ ನಂಬರ್!” ಎಂದು ಕೂಗಿದ್ದು ನಮ್ಮ ಗಲಾಟೆಯಲ್ಲಿ ಅರ್ಧ ಮಾತ್ರ ಕೇಳಿಸಿತು. ತೀರ್ಪುಗಾರರು ನನ್ನ ಬೆನ್ನಿಗೆ ಹೊಡೆದ ಹೊಡೆತ ಎರಡು ದಿನ ಉಳಿಯಿತು. ಅಷ್ಟರಲ್ಲಿ ನನ್ನ ಫೋನೂ ಬಡಿದುಕೊಂಡಿತು. ರಾಜಾಜಿನಗರ.

“ಏನಯ್ಯ, ಏಳನೇದು ಎರಡು ಸರದಿ ಬಿಟ್ಟು ಬಂತಲ್ಲ! ನನ್ನ ಜೀವ ಬಾಯಿಗೆ ಬಂದಿತ್ತು ಕಣಯ್ಯ. ಎಷ್ಟು ನೀಟಾಗಿ ಕೇಳಿಸ್ತಾ ಇದೆ ಗೊತ್ತಾ? ಇಷ್ಟು ವರ್ಷ ನನ್ನದೇ ಸದ್ದಲ್ಲಿ ಬೇರೆಯವರದ್ದು ಕೇಳಿರ್ಲಿಲ್ಲ.” ಫೋನಿಡುವ ಮುನ್ನ, “ಇದನ್ನ ಮೀಟಿಂಗಲ್ಲಿ ಹೇಳ್ಬೇಡ,” ಎಂದರು.

ಸಂಜೆ ಗಾಡಿಗಳು ಮರಳಿದಾಗ ಹನ್ನೊಂದು ಮಂದಿ ಡ್ರೈವರುಗಳು ಒಂದೇ ಬಾಯಲ್ಲಿ ದೂರು ಕೊಟ್ಟರು: ಆ ಓಣಿಗೆ ಯಾರದೋ ಮನೆಯ ಸಮಾರಂಭಕ್ಕೆ ಅಡ್ಡ ಶಾಮಿಯಾನ ಹಾಕಿದ್ದರು, ದಾರಿಯೇ ಇರಲಿಲ್ಲ, ಆ ಜಾಗವನ್ನು ಲೆಕ್ಕದಿಂದ ತೆಗೆಯಿರಿ. ತೀರ್ಪುಗಾರರು ಟಿವಿಯ ಕಡೆ ಕೈ ತೋರಿಸಿದರು. ಓಣಿಯೊಳಗೆ ಏಳನೇ ಗಾಡಿ ಬಿಟ್ಟುಹೋದ ಚುಕ್ಕೆ ಇನ್ನೂ ಕೂತಿತ್ತು. ದೂರು ಅಲ್ಲಿಗೆ ಮುಗಿಯಿತು.

ಓಣಿಯ ಬಾಯಲ್ಲಿ ನಡೆದದ್ದನ್ನು ಹೇಳಿದವರು ಆ ಗಾಡಿಯ ಹಿಂದಿನ ಸೀಟಿನಲ್ಲಿದ್ದ ನಮ್ಮ ಸಂಘದ ವಿಜ್ಞಾನದ ಮೇಷ್ಟ್ರು. ಮೌನವ್ರತ ಮುಗಿದಿದ್ದರಿಂದ ಮೂರು ಸಲ ಹೇಳಿದರು. ಡ್ರೈವರು ಕೆಂಗೇರಿಯ ಹಳೆಯ ಕುಳ, ಸ್ವಂತ ಜಮೀನಿನ ಮೇಲೆ ಈಗ ಬಡಾವಣೆಗಳಿರುವಂಥ ಮನುಷ್ಯ.

“ಎಲ್ಲಾ ಗಾಡಿನೂ ಸೀದಾ ಹೋದ್ವು ಮೇಡಂ. ಶಾಮಿಯಾನ ಹಾಕವ್ರೆ. ಈ ಏರಿಯಾ ನಂಗೊತ್ತಿಲ್ವಾ? ನಮ್ಮಪ್ಪನ ಕಾಲದಿಂದ ಇಲ್ಲೇ ಇರೋದು.”

“ಎಲ್ಲಾ ಗಾಡಿಗೂ ನಾನು ನ್ಯಾವಿಗೇಟರ್ ಅಲ್ಲ ಅಣ್ಣ, ನಿಮ್ಮ ಗಾಡಿಗೆ. ಎಡಕ್ಕೆ.”

“ಎಡಕ್ಕೆ ಶಾಮಿಯಾನ ಇದೆ ಮೇಡಂ!”

“ನನಗೆ ಪಾತ್ರೆ ಸದ್ದು, ಮಕ್ಕಳ ಸದ್ದು ಕೇಳಿಸ್ತಾ ಇದೆ. ಅಂದ್ರೆ ಜನ ಇದಾರೆ. ಇಳಿದು ಕೇಳಿ, ಕುರ್ಚಿ ಸರಿಸ್ತಾರೆ.”

ಆತ ಇಳಿದು ಕೇಳಿದ. ಅವನದೇ ದೂರದ ನೆಂಟರ ಮನೆ. ಕುರ್ಚಿ ಸರಿಸಿ, ಬಟ್ಟೆ ಎತ್ತಿ ಹಿಡಿದು, ಊಟ ಮಾಡಿಕೊಂಡೇ ಹೋಗಬೇಕೆಂದು ಒತ್ತಾಯ ಮಾಡಿದ್ದರಿಂದ ಓಣಿಯ ಬಾಯಲ್ಲಿ ಅಷ್ಟು ತಡ. ಕೊನೆಗೆ ಕಿಟಕಿಯೊಳಗೆ ಹೋಳಿಗೆ ಹಾಕಿ ಕಳಿಸಿದರಂತೆ. ಮೇಷ್ಟ್ರಿಗೂ ಒಂದು ಸಿಕ್ಕಿತು. ಬಾಯಿ ತೆರೆಯಬಾರದೆಂಬ ನಿಯಮವನ್ನು ಅದೊಂದು ಕಾರಣಕ್ಕೆ ಮುರಿದೆ ಎಂದು ತಪ್ಪೊಪ್ಪಿಕೊಂಡರು.

ಮೊದಲ ಬಹುಮಾನ ಏಳನೇ ಗಾಡಿಗೆ ಬಂತು. ಅದೊಂದು ಗೋಡೆ ಗಡಿಯಾರ. ಪ್ರಾಯೋಜಕರು ಯಾರ ರ‍್ಯಾಲಿಗೆ ಕೊಡುತ್ತಿದ್ದೇವೆಂದು ಕೇಳಿರಲಿಲ್ಲವೆಂದು ಕಾಣುತ್ತದೆ. ಮೇಡಂ ಅದನ್ನು ಕಿವಿಗೆ ಹಿಡಿದು ನೋಡಿ, “ಟಿಕ್ ಅಂತಲೂ ಅನ್ನಲ್ವಲ್ಲ ಇದು. ಇರ್ಲಿ, ಮನೆಯವರು ನೋಡ್ಲಿ,” ಎಂದರು. ತೀರ್ಪುಗಾರರು ಮೀಸೆ ಸವರಿಕೊಳ್ಳುತ್ತ ಅವರ ಮುಂದೆ ನಿಂತರು.

“ಮೇಡಂ, ಹೋದ ವರ್ಷಾನೂ ನೀವು ಅಲ್ಲಿಗೆ ಬಂದಿದ್ರಿ ಅನ್ಸತ್ತೆ.”

“ಅನ್ಸೋದಲ್ಲ ಸಾರ್. ಬಂದಿದ್ದೆ.”

“ಬಂದಿದ್ರಿ,” ಎಂದರು ತೀರ್ಪುಗಾರರು.

ಜನ ಕರಗಿದ ಮೇಲೆ ಮೇಡಂ ವಧುವಿನ ಕೋಣೆಗೆ ಬಂದರು. ಮೇಷ್ಟ್ರು ಅವರನ್ನು ಕರೆತಂದಿದ್ದರು. ಗೋಡೆಯ ಮೇಲಿನದನ್ನು ತೋರಿಸಿ ಎನ್ನುವಂತಿರಲಿಲ್ಲ, ಅವರೂ ಹಾಗೆನ್ನಲಿಲ್ಲ. “ನನ್ನ ಗಾಡಿ ಏನೋ ಕೂಗತ್ತಂತಲ್ಲ, ಅದನ್ನ ಕೇಳಿಸಿ,” ಎಂದರು. ಹನ್ನೊಂದು ಪೆಟ್ಟಿಗೆಗಳು ಆಗಲೇ ಮೇಜಿನ ಮೇಲೆ ಆರಿ ಬಿದ್ದಿದ್ದವು. ಏಳನೆಯದನ್ನು ಇನ್ನೂ ಬಿಚ್ಚಿರಲಿಲ್ಲ. ಡ್ರೈವರು ಕೀಲಿ ಸಮೇತ ಯಾರಿಗೋ ಕತೆ ಹೇಳುತ್ತ ನಿಂತಿದ್ದ. ಸ್ಪೀಕರನ್ನು ಹಚ್ಚಿದೆ. ಬಾಗಿಲಾಚೆ ಹಾಲಿನ ಗಡಿಯಾರದ ಮುಳ್ಳು ತಿರುಗಿತು. ಒಂದನೆಯದರ ಜಾಗದಲ್ಲಿ ಮೌನ, ಎರಡನೆಯದರಲ್ಲಿ ಮೌನ. ಆರಕ್ಕೆ ಬಂದಾಗ: ಬ್ರ್‌ರ್‌ರ್ಪ್.

“ಇದು ನಾನಾ?”

“ನೀವೇ ಮೇಡಂ.”

“ಏನಂತು?”

“ಇಲ್ಲಿದೀನಿ ಅಂತು.”

“ಅಷ್ಟೇನಾ?”

“ಅಷ್ಟೇ.”

ಅವರು ನಕ್ಕರು. “ಇದನ್ನ ನಮ್ಮ ಡ್ರೈವರಿಗೆ ಕೇಳಿಸಿ ಸಾರ್, ಕಲ್ತ್ಕೊಳ್ಲಿ. ಇನ್ನೊಂದ್ಸಲ ಬರತ್ತಾ?”

“ಒಂದು ನಿಮಿಷ ಕಾಯ್ಬೇಕು.”

ಕುರ್ಚಿ ಎಳೆದುಕೊಂಡು ಕೂತರು. ಪಕ್ಕದಲ್ಲಿ ಮೇಷ್ಟ್ರು, ಈ ಯಂತ್ರದ ತತ್ವವನ್ನು ವಿವರಿಸುವ ಸದುದ್ದೇಶದಿಂದ, ಗಂಟಲು ಸರಿಮಾಡಿಕೊಂಡು ಬಾಯಿ ತೆರೆದರು. ಮೇಡಂ ಅವರ ಕಡೆ ತಿರುಗದೆಯೇ ಒಂದು ಬೆರಳೆತ್ತಿದರು. ಮೇಷ್ಟ್ರು ಬಾಯಿ ಮುಚ್ಚಿದರು. ಮೂವರೂ ಕಾದೆವು.